ಗಾಜಿನ ಲೋಟದ ಕಹಿ

"ಶಟರ್ ಪೂರ್ತಿ ಎಳಿಬೇಡಿ ಮಾರಾಯ್ರೆ! ಊರವರು ಎಂತ ತಿಳ್ಕೊಳ್ಳುದು? ರೈಗಳು ಒಳಗೆ ಕೂತು ಕಳ್ಳನೋಟು ಪ್ರಿಂಟ್ ಮಾಡ್ತಿದ್ದಾರೆ ಅಂತ!"

ರೈಗಳ ಹೆಂಡತಿ ಸೀತು ಇಷ್ಟು ಹೇಳುವುದರೊಳಗೆ ಬೆಳ್ಳಾರೆ ಪೇಟೆಯ ಆ ಜೀನಸಂಗಡಿಯ ಶಟರ್ ಮೊಣಕಾಲಿನವರೆಗೆ ಇಳಿದಾಗಿತ್ತು. ಮಧ್ಯಾಹ್ನದ ಬೆಳಕು ನೆಲದ ಮೇಲೆ ಮೊಳ ಅಗಲದ ಪಟ್ಟಿಯಾಗಿ ಉಳಿಯಿತು. ಒಣಮೆಣಸಿನ ಗೋಣಿ, ಹಿಂಡಿಯ ಚೀಲ, ಬೆಲ್ಲದ ಅಚ್ಚುಗಳೆಲ್ಲ ಕತ್ತಲೆಯಲ್ಲಿ ಕರಗಿದವು.

"ಕಳ್ಳನೋಟು ಹಿಡಿಯುವ ಲೈಟು ಮಾರಾಯ್ತಿ ಇದು, ಮಾಡುವ ಲೈಟಲ್ಲ," ಎಂದರು ತ್ಯಾಂಪಣ್ಣ ರೈ. ಮಂಗಳೂರಿನ ಸಗಟು ವ್ಯಾಪಾರಿಯೊಬ್ಬ ಕೊಟ್ಟ ನೇರಳೆ ದೀಪ ಅದು, ಅಂಗೈಯಲ್ಲಿ ಹಿಡಿಯುವಷ್ಟೇ ದೊಡ್ಡದು. ಪೊಲೀಸ್ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತರಾಗಿ ಅಂಗಡಿ ಇಟ್ಟ ಮೇಲೆ ಅದರಿಂದ ಅವರು ಒಂದೇ ಒಂದು ಕಳ್ಳನೋಟನ್ನೂ ಹಿಡಿದವರಲ್ಲ. ಇವತ್ತು ಮಾತ್ರ ಅದರ ಮೇಲೆ ಒಬ್ಬ ಮುದುಕರ ಮಾನ ನಿಂತಿತ್ತು.

ಆ ಮುದುಕರು ಅಲ್ಲೇ ಅಕ್ಕಿ ಚೀಲದ ಮೇಲೆ ಕುಳಿತಿದ್ದರು: ಅಜ್ಜಾವರದ ಚನಿಯಪ್ಪ ಗೌಡರು. ಮಡಿಲಲ್ಲಿ ಹೆಗಲಿಂದ ಇಳಿಸಿದ ಬೈರಾಸು, ಅದರೊಳಗೆ ಎರಡೂ ಕೈ. ಚಳಿ ಹಿಡಿದವರ ಹಾಗೆ.

ಬೆಳಿಗ್ಗೆ ಅವರ ಮನೆಯಲ್ಲಿ ಆಟಿ ತಿಂಗಳ ಅಮಾವಾಸ್ಯೆಗೆ ಮನೆಮನೆಯಲ್ಲೂ ಮಾಡುವ ಹಾಲೆ ಮರದ ತೊಗಟೆಯ ಕಷಾಯ ಕುಡಿದ ಪ್ರೊಫೆಸರ್ ಪರಮೇಶ್ವರ ಈಗ ಸುಳ್ಯದ ಆಸ್ಪತ್ರೆಯಲ್ಲಿದ್ದರು. ಗೌಡರು ಕತ್ತಲೆಯಲ್ಲಿ ಹಾಲೆ ಮರ ಬಿಟ್ಟು ಕಾಸರಕ ಮರದ ವಿಷದ ತೊಗಟೆ ತಂದರು ಎಂದು ಊರು ಆಗಲೇ ತೀರ್ಮಾನ ಮಾಡಿಬಿಟ್ಟಿತ್ತು. ಹಾಗೆಂದು ಹೇಳಿಕೆ ಬರೆಸಿಕೊಳ್ಳಲು ಸಬ್ ಇನ್ಸ್‌ಪೆಕ್ಟರು ಇದೇ ಅಂಗಡಿಗೆ ಬರುವವರಿದ್ದರು.

"ಗೌಡ್ರೇ, ಎರಡು ತುತ್ತು ಮೆಂತ್ಯ ಗಂಜಿ ಕುಡಿಯಿರಿ," ಎಂದು ಸೀತು ಬಟ್ಟಲು ತಂದಿಟ್ಟಳು. "ಕಷಾಯ ಕುಡಿದ ಹೊಟ್ಟೆ ಉರೀತದೆ. ಬೆಳಿಗ್ಗೆಯಿಂದ ಹಾಗೇ ಕೂತಿದ್ದೀರಿ."

"ಅಲ್ಲಿಡಿ ಸೀತಕ್ಕ. ಆಮೇಲೆ."

ಕೈ ಬೈರಾಸಿನಿಂದ ಹೊರಗೆ ಬರಲಿಲ್ಲ.

"ಅಜ್ಜ ಉಣ್ಣುದಿಲ್ಲ," ಎಂದಳು ಪಕ್ಕದಲ್ಲಿದ್ದ ಚಿನ್ಮಯೀ. ಗೌಡರ ಮಗನ ಮಗಳು. ಪುತ್ತೂರಿನ ಕಾಲೇಜೊಂದರ ಪ್ರಯೋಗಶಾಲೆಯಲ್ಲಿ ಇದೇ ಪರಮೇಶ್ವರರ ಕೈಕೆಳಗೆ ಮಲೇರಿಯಾಕ್ಕೆ ಹೊಸ ಮದ್ದು ಹುಡುಕುವವಳು. "ಸರ್‌ಗೆ ಕಣ್ಣು ಸರಿ ಕಾಣುವವರೆಗೆ ನೀರೂ ಬೇಡ ಅಂತೆ. ನಾನು ಹೇಳಿ ಸಾಕಾಯ್ತು ಮಾಮ."

ಅಷ್ಟರಲ್ಲಿ ಶಟರಿನ ಅಡಿಯಿಂದ ಒಂದು ಹೆಲ್ಮೆಟ್ ತೂರಿ ಬಂತು, ಹಿಂದೆಯೇ ಶಾನವಾಝ್. ಚಿನ್ಮಯೀಯ ಜೊತೆಗೇ ಸಂಶೋಧನೆ ಮಾಡುವ ಹುಡುಗ. ಬೆಳಿಗ್ಗೆ ಗುರುಗಳನ್ನು ಆಸ್ಪತ್ರೆಗೆ ಹೊತ್ತವನೂ ಅವನೇ, ಈಗ ಪುತ್ತೂರಿನಿಂದ ಬೈಕಿನಲ್ಲಿ ಒಂದು ಚಿಟಿಕೆ ಶುದ್ಧ ಕ್ವಿನೈನು ತಂದವನೂ ಅವನೇ.

"ಕ್ವಿನೈನು ತಂದೆ ರೈಗಳೇ. ಲಿಂಬೆಹುಳಿ ಉಂಟಾ?"

"ಜೀನಸಂಗಡಿಗೆ ಬಂದು ಲಿಂಬೆ ಉಂಟಾ ಅಂತ ಕೇಳುದಾ!" ಸೀತು ಕತ್ತರಿಸಲು ಹೋದಳು.

ತ್ಯಾಂಪಣ್ಣ ಗಲ್ಲಾದ ಮೇಲೆ ಮೂರು ಬಿಳಿ ಪಿಂಗಾಣಿ ಬಸಿ ಸಾಲಾಗಿಟ್ಟರು. ಪಕ್ಕದಲ್ಲಿ ಎರಡು ಲೋಟ. ಒಂದು ಹಿತ್ತಾಳೆಯದು, ಗೌಡರದು. ಇನ್ನೊಂದು ಹೂವಿನ ಚಿತ್ರದ ಗಾಜಿನ ಲೋಟ. ಗೌಡರ ಮನೆಯಲ್ಲಿ ಅದು ಒಂದೇ ಇರುವುದು, ನೆಂಟರಿಗೆ ಮಾತ್ರ ತೆಗೆಯುವುದು. ಪ್ರೊಫೆಸರ್ ಕುಡಿದದ್ದು ಅದರಲ್ಲಿ. ಗೌಡರ ಹೆಂಡತಿ ತಿಮ್ಮಕ್ಕನ ಕಟ್ಟುನಿಟ್ಟಿನಿಂದ ಅವು ತೊಳೆಯದೆ ಉಳಿದಿದ್ದವು. ಕಷಾಯದ ಲೋಟವನ್ನು ಬೇರೆ ಪಾತ್ರೆಗಳ ಜೊತೆ ತೊಳೆದರೆ ಕಹಿ ಹತ್ತುತ್ತದೆ ಎಂದು ಅವರು ಅವನ್ನು ಹಿತ್ತಿಲ ಕಟ್ಟೆಯ ಮೇಲೆ ಬೇರೆಯೇ ಇಟ್ಟಿದ್ದರು, ಸಂಜೆ ಬೂದಿ ಹಾಕಿ ತಿಕ್ಕಲಿಕ್ಕೆ.

"ಈ ಲೈಟಿನ ಆಟವೇ ಬೇಡ ಅಂತ ಕಾಣ್ತದೆ ನನಗೆ," ಎಂದರು ತ್ಯಾಂಪಣ್ಣ. "ಒಂದೇ ಪಾತ್ರೆಯ ಕಷಾಯ. ಕುಡಿದವರು ಐದು ಜನ. ಬಿದ್ದದ್ದು ಒಬ್ಬರು. ತೊಗಟೆಯಲ್ಲೇ ವಿಷ ಇದ್ದಿದ್ರೆ ಐವರೂ ಬೀಳ್ಬೇಕಿತ್ತಲ್ವಾ? ಇನ್ಸ್‌ಪೆಕ್ಟರಿಗೆ ಇಷ್ಟು ಹೇಳಿದ್ರೆ ಮುಗೀತು."



ಶಾನವಾಝ್ ಹೆಲ್ಮೆಟ್ಟಿನ ಗಾಜನ್ನು ಒರೆಸತೊಡಗಿದ. ಅದು ಚೆನ್ನಾಗಿಯೇ ಇತ್ತು.

"ಏನು ಮಾರಾಯ? ನೀನು ಕುಡಿದದ್ದಲ್ವಾ?"

"ಕುಡಿದೆ ಅಂದ್ರೆ... ರೈಗಳೇ, ಬಾಯಿಗೆ ಇಟ್ಟೆ. ಅಲ್ಲಾಹ್, ಎಂತ ಕಹಿ ಅದು! ಗೌಡ್ರು ಆಚೆ ತಿರುಗಿದಾಗ ಕಿಟಕಿಯಿಂದ ಬೇವುಸೊಪ್ಪಿನ ಗಿಡಕ್ಕೆ ಹೊಯ್ದುಬಿಟ್ಟೆ."

"ಇಡೀ ಲೋಟ?"

"ಇಡೀ ಲೋಟ."

ತ್ಯಾಂಪಣ್ಣ ಚಿನ್ಮಯೀ ಕಡೆ ತಿರುಗಿದರು. ಅವಳು ಜಡೆಯ ತುದಿ ನೋಡುತ್ತಿದ್ದಳು. "ನಾನು ಚಿಕ್ಕಂದಿನಿಂದ ಒಂದು ಗುಟುಕು ಮಾತ್ರ ಮಾಮ. ಉಳಿದದ್ದು ಬಚ್ಚಲಿಗೆ. ಅಜ್ಜಿ ಅಂತೂ ತುಟಿ ಒದ್ದೆ ಮಾಡಿ ಸೆರಗಲ್ಲಿ ಒರೆಸುದು. ಅದು ನನಗೂ ಅಜ್ಜಿಗೂ ಮಾತ್ರ ಗೊತ್ತಿರುದು."

"ನನಗೂ ಗೊತ್ತುಂಟು," ಎಂದರು ಚನಿಯಪ್ಪ ಗೌಡರು ಚೀಲದ ಮೇಲಿಂದ. "ಮದುವೆಯಾದ ವರ್ಷದಿಂದ ಗೊತ್ತುಂಟು."

ಸೀತುವಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗಿಟ್ಟುಕೊಂಡು ಲಿಂಬೆಯ ಹೋಳು ಹಿಡಿದು ನಿಂತಳು.

"ನೀನೆಂತಕ್ಕೆ ನಗುದು?" ತ್ಯಾಂಪಣ್ಣನಿಗೆ ಸಂಶಯ ಬಂತು. "ಅಂದ್ರೆ ನಮ್ಮ ಮನೆಯಲ್ಲಿ ಕೂಡಾ..."

"ನೀವು ಇವರ ವಿಚಾರ ನೋಡಿ ಈಗ."

ಹೀಗೆ ತ್ಯಾಂಪಣ್ಣನ ಮೊದಲ ಸಾಕ್ಷ್ಯ ಬೇವುಸೊಪ್ಪಿನ ಬುಡಕ್ಕೆ ಹೋಯಿತು. ಲೋಟ ಪೂರ್ತಿ ಖಾಲಿ ಮಾಡಿದವರು ಇಬ್ಬರೇ. ಒಬ್ಬರು ಹುಟ್ಟಿದಾಗಿನಿಂದ ಪ್ರತಿ ಆಟಿಯಲ್ಲೂ ಅದನ್ನು ಕುಡಿದು ಗಟ್ಟಿಯಾದ ಚನಿಯಪ್ಪ ಗೌಡರು. ಇನ್ನೊಬ್ಬರು ಇದೇ ಮೊದಲ ಸಲ ಕುಡಿದ ಪ್ರೊಫೆಸರ್. ಇನ್ಸ್‌ಪೆಕ್ಟರಿಗೆ ಇದನ್ನು ಹೇಳಿದರೆ ಆತ ಗೌಡರ ಕೊರಳಿಗೆ ಇನ್ನೊಂದು ಗಂಟು ಹಾಕಿಯಾನು.

"ಸರಿ. ಗೌಡ್ರೇ, ಇನ್ನೊಂದು ಸಲ ಹೇಳಿ. ತೊಗಟೆ ತಂದದ್ದು ಹೇಗೆ?"

ಗೌಡರು ನೆಲ ನೋಡಿಕೊಂಡೇ ಹೇಳಿದರು. ನಿನ್ನೆ ಹಗಲೇ ಮರ ನೋಡಿ ಬಳ್ಳಿ ಕಟ್ಟಿ ಬಂದಿದ್ದರು. ಬೆಳಕು ಹರಿಯುವ ಮೊದಲು ಒಬ್ಬರೇ ಹೋಗಿ, ಕತ್ತಿ ತಾಗಿಸದೆ, ಕಲ್ಲಿನಿಂದ ಜಜ್ಜಿ ತೊಗಟೆ ಎಬ್ಬಿಸಿದರು. ಮನೆಗೆ ಬಂದು ಮಿಂದು, ಅದನ್ನು ಗುರುಕಾರ್ನೋರ, ಅಂದರೆ ತೀರಿಹೋದ ಹಿರಿಯರ, ಕೋಣೆಯಲ್ಲಿ ಅವರ ಎದುರು ಇಟ್ಟು ಕೈ ಮುಗಿದರು. ಆಮೇಲೆ ಅರೆಯಲಿಕ್ಕೆ ಹೆಂಡತಿಗೆ ಕೊಟ್ಟರು. ಓಮ, ಬೆಳ್ಳುಳ್ಳಿ, ಕರಿಮೆಣಸು. ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಕಷಾಯಕ್ಕೆ ಚುಂಯ್ ಎಂದು ಅದ್ದಿ ಇಳಿಸಿದ್ದು.

"ಬಳ್ಳಿ ಕಟ್ಟಿದ ಮರವೇ ಅಂತ ಕೈಗೆ ತಾಗಿತ್ತಾ?"

"ತಾಗಿತ್ತು. ಆದ್ರೂ ರೈಗಳೇ, ತಪ್ಪು ನಂದೇ. ನನ್ನ ಮನೆಯಲ್ಲಿ ಆದದ್ದು. ಬರೆದು ಮುಗಿಸಿ."

"ಬರೀಲಿಕ್ಕೆ ನನಗೆ ಈಗ ಸಂಬಳ ಇಲ್ಲ," ಎಂದು ತ್ಯಾಂಪಣ್ಣ ಗದರಿದರು. ಗದರಿಕೆಯಲ್ಲಿ ಜೋರಿರಲಿಲ್ಲ. ಈ ಮನುಷ್ಯ ಪ್ರತಿ ಆಟಿಯಲ್ಲೂ ಸುತ್ತಲಿನ ಮನೆಗಳಿಗೆಲ್ಲ ತೊಗಟೆ ಹಂಚುವವರು. ತಗೊಂಡವರೆಲ್ಲ ಎರಡನೇ ಸಲ ನೋಡದೆ ಅರೆದು ಕುಡಿಯುವರು. ಅಂಥವರು ಕಾಸರಕ ತಂದರು ಎಂದು ಒಮ್ಮೆ ಕಾಗದಕ್ಕೆ ಬಿದ್ದರೆ, ಮುಂದಿನ ಆಟಿಗೆ ಅವರ ಕೈಯಿಂದ ಒಬ್ಬರೂ ತೊಗಟೆ ತಗೊಳ್ಳಲಿಕ್ಕಿಲ್ಲ. ಜೈಲಿಗಿಂತ ಅದೇ ದೊಡ್ಡ ಶಿಕ್ಷೆ.

"ಕಾಸರಕ ಅಲ್ಲ ಮಾಮ ಅದು," ಎಂದಳು ಚಿನ್ಮಯೀ. "ಕಾಸರಕ ಹೊಟ್ಟೆಗೆ ಹೋದ್ರೆ ಮೈ ಸೆಟೆದುಕೊಳ್ಳುದು, ಬೆನ್ನು ಬಿಲ್ಲಿನ ಹಾಗೆ ಬಗ್ಗುದು. ಸರ್ ಎಂತ ಹೇಳಿದ್ರು? ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಆಗ್ತದೆ ಅಂದ್ರು. ಎದುರಿನ ಗೋಡೆ ಮಂಜಾಗಿ ಕಾಣ್ತದೆ ಅಂದ್ರು. ವಾಂತಿ. ಇದು ಕ್ವಿನೈನು ಜಾಸ್ತಿ ಆದವರಿಗೆ ಆಗುದು."

"ಹೌದೌದು," ಎಂದರು ಗೌಡರು ಇದ್ದಕ್ಕಿದ್ದಂತೆ. "ನಂಗೆ ಹುಡುಗ ಪ್ರಾಯದಲ್ಲಿ ಚಳಿಜ್ವರ ಬಂದಾಗ ಆ ಗುಳಿಗೆ ಕೊಟ್ಟಿದ್ರು. ನಾಲ್ಕು ದಿನ ಕಿವಿಯಲ್ಲಿ ಜೀರುಂಡೆ. ಜ್ವರ ಮಾತ್ರ ಬಿಡ್ತು."

"ಆದ್ರೆ ಹಾಲೆ ತೊಗಟೆಯಲ್ಲೂ ಕ್ವಿನೈನು ಇರ್ತದೆ ಅಂತ ಜನ ಹೇಳುದಲ್ವಾ?" ಎಂದು ಕೇಳಿದರು ತ್ಯಾಂಪಣ್ಣ.

"ಜನ ಹೇಳುದು. ಕಹಿ ಒಂದೇ ಹಾಗೆ, ಅದಕ್ಕೆ. ಕ್ವಿನೈನು ಬರುದು ಬೇರೆ ಮರದಿಂದ, ಸಿಂಕೋನಾ ಅಂತ. ಇದರಲ್ಲಿ ಅದಿಲ್ಲ. ಅದಕ್ಕೇ ಈ ಲೈಟು. ಕ್ವಿನೈನಿಗೆ ಹುಳಿ ಸೇರಿಸಿ ನಿಮ್ಮ ದೀಪ ಹಿಡಿದ್ರೆ ನೀಲಿಯಾಗಿ ಹೊಳೀತದೆ. ಗಾಜಿನ ಲೋಟ ಹೊಳೆದು ಅಜ್ಜನ ಲೋಟ ಹೊಳೀದಿದ್ರೆ, ಪಾತ್ರೆಯಲ್ಲಿ ಇಲ್ಲದ್ದನ್ನು ಯಾರೋ ಸರ್‌ನ ಲೋಟಕ್ಕೆ ಮಾತ್ರ ಹಾಕಿದ್ದಾರೆ ಅಂತ ಆಯ್ತು."

ತ್ಯಾಂಪಣ್ಣನಿಗೆ ಈ ಹುಡುಗಿಯ ಮಾತು ಕೇಳುವುದೆಂದರೆ ಇಷ್ಟ. ಕಳೆದ ವರ್ಷ ಇದೇ ಗಲ್ಲಾದ ಎದುರು ನಿಂತು, ಎರಡು ಗಾಜಿನ ಬಳೆ ಒತ್ತಿ ಹಿಡಿದು, ತನ್ನ ಕೆಲಸ ಎಂತದೆಂದು ಅವಳು ಸೀತುವಿಗೆ ವಿವರಿಸಿದ್ದಳು. ಕ್ವಿನೋಲಿನ್ ಅಂದ್ರೆ ಹೀಗೆ ಅಂಟಿದ ಎರಡು ಬಳೆ, ಅತ್ತೆ. ಅದಕ್ಕೆ ಒಂದು ಬಾಲ ಕಟ್ಟುದು. ಒಂದು ಬಾಲ ಕಟ್ಟಿದ್ರೆ ಕ್ಲೋರೋಕ್ವಿನ್, ಇನ್ನೊಂದು ಕಟ್ಟಿದ್ರೆ ಪ್ರೈಮಾಕ್ವಿನ್. ಮಲೇರಿಯಾದ ರೋಗಾಣು ನಮ್ಮ ರಕ್ತ ತಿಂದು, ಉಳಿದ ಕಸವನ್ನು ಗಟ್ಟಿ ಮಾಡಿ ಮೂಲೆಗೆ ಇಡ್ತದೆ. ಕ್ಲೋರೋಕ್ವಿನ್ ಹೋಗಿ ಆ ಕಸ ಗಟ್ಟಿಯಾಗದ ಹಾಗೆ ಮಾಡ್ತದೆ. ಕಸದ ವಿಷ ಅದಕ್ಕೇ ತಾಗಿ ಸಾಯ್ತದೆ.

"ಪಂಚಾಯ್ತಿಯವರು ಕಸದ ಗಾಡಿ ನಿಲ್ಲಿಸಿದ ಹಾಗೆ," ಎಂದಿದ್ದಳು ಸೀತು.

"ಅದೇ ಅತ್ತೆ! ಆದ್ರೆ ಆ ಪಾಪಿ ರೋಗಾಣು ಕಲಿತುಬಿಟ್ಟಿದೆ. ಮದ್ದು ಒಳಗೆ ಬಂದ ಕೂಡ್ಲೇ ಹೊರಗೆ ದಬ್ಬಲಿಕ್ಕೆ ಒಂದು ಬಾಗಿಲು ಮಾಡ್ಕೊಂಡಿದೆ. ಹಾಗಾಗಿ ನಾವು ಬಾಲ ಬದಲಿಸುದು. ಆ ಬಾಗಿಲಲ್ಲಿ ಸಿಕ್ಕಿಹಾಕಿಕೊಳ್ಳುವಂಥ ಬಾಲ ಬೇಕು."

ಹಾಗೆ ಬಾಲ ಬದಲಿಸಿ ಬದಲಿಸಿ ಹದಿನಾರು ಪುಡಿ ಕೆಟ್ಟು, ಹದಿನೇಳನೆಯದು ನಿಂತಿತ್ತು. ಪ್ರಯೋಗಶಾಲೆಯಲ್ಲಿ ಅದಕ್ಕೆ ಹೆಸರೇ 'ಹದಿನೇಳು'. ಗಾಜಿನ ತಟ್ಟೆಯಲ್ಲಿ ರೋಗಾಣುಗಳನ್ನು ಕೊಂದಿತ್ತು. ಮನುಷ್ಯರಿಗೆ ಕೊಡುವುದು ಇರಲಿ, ಇಲಿಗೆ ಕೂಡಾ ಇನ್ನೂ ಕೊಟ್ಟಿರಲಿಲ್ಲ.

"ಹೂಂ, ಸುರು ಮಾಡು," ಎಂದರು ತ್ಯಾಂಪಣ್ಣ.

ಚಿನ್ಮಯೀ ಮೊದಲ ಬಸಿಗೆ ಶಾನವಾಝ್ ತಂದ ಕ್ವಿನೈನು ಉದುರಿಸಿ ನೀರು ಬೆರೆಸಿದಳು. ಎರಡನೆಯದಕ್ಕೆ ಹಿತ್ತಾಳೆ ಲೋಟ ತೊಳೆದ ನೀರು. ಮೂರನೆಯದಕ್ಕೆ ಗಾಜಿನ ಲೋಟ ತೊಳೆದದ್ದು. ಮೂರಕ್ಕೂ ಲಿಂಬೆ ಹಿಂಡಿದಳು. ತ್ಯಾಂಪಣ್ಣ ದೀಪದ ಗುಂಡಿ ಒತ್ತಿದರು.

ಮೊದಲು ಹೊಳೆದದ್ದು ಅವರ ಪಂಚೆ! ಸೊಂಟದಿಂದ ಕೆಳಗೆ ಹಾಲುಬಿಳಿಯ ಭೂತದ ಹಾಗೆ ಬೆಳಗಿತು.

"ಅಯ್ಯೋ ದೇವರೇ, ಇವರ ಮುಂಡಿನಲ್ಲೇ ಇದೆಯಲ್ಲ ಕ್ವಿನೈನು!" ಎಂದಳು ಸೀತು.

"ಅದು ಸೋಪಿನಪುಡಿ ಅತ್ತೆ. ಬಟ್ಟೆ ಬೆಳ್ಳಗೆ ಕಾಣ್ಲಿಕ್ಕೆ ಹಾಕಿರ್ತಾರೆ. ಬಿಳಿ ಬಟ್ಟೆ, ಕಾಗದ, ಎಲ್ಲ ಹೀಗೇ ಹೊಳೆಯುದು. ನೀವು ಬಸಿ ನೋಡಿ."

ಮೊದಲ ಬಸಿಯಲ್ಲಿ ಆಕಾಶದ ಒಂದು ಚೂರು ಬಿದ್ದ ಹಾಗೆ ನೀಲಿ. ಸೀತು "ಹೋ" ಎಂದಳು.

ಎರಡನೆಯ ಬಸಿ, ಚನಿಯಪ್ಪ ಗೌಡರದು, ಮಂಕಾಗಿ ಕಂದಾಗಿ ಬಿದ್ದಿತ್ತು. ಕೆರೆಯ ಕೆಸರಿನಂತೆ. ಹೊಳಪಿನ ಸುಳಿವೇ ಇಲ್ಲ.

ದೀಪ ಮೂರನೆಯದರ ಮೇಲೆ ಬಂತು.

ಹೊಳೆಯಿತು!

"ಗೌಡ್ರೇ!" ತ್ಯಾಂಪಣ್ಣನ ಕೂಗಿಗೆ ಶಟರ್ ಅದುರಿತು. "ಏಳಿ ಇಲ್ಲಿ! ನೋಡಿ! ನಿಮ್ಮ ತೊಗಟೆ ಶುದ್ಧ. ನಿಮ್ಮ ಮರ ಶುದ್ಧ. ಮತ್ತೆಂತದೋ ಬಿದ್ದದ್ದು ಈ ಗಾಜಿನ ಲೋಟಕ್ಕೆ ಮಾತ್ರ. ಇನ್ಸ್‌ಪೆಕ್ಟರು ಬರ್ಲಿ ಈಗ, ಬೇಕಾದ್ರೆ ಅವರ ಟೊಪ್ಪಿಯಲ್ಲೇ ಕಷಾಯ ಹಾಕಿ ತೋರಿಸ್ತೇನೆ!"

ಸೀತು ಗಂಜಿಯ ಬಟ್ಟಲನ್ನು ಗೌಡರ ಎದುರು ಮತ್ತೊಮ್ಮೆ ದೂಡಿದಳು. "ಇನ್ನು ಉಣ್ಣಿ."

ಗೌಡರು ಎದ್ದು ಬರಲಿಲ್ಲ. ಬೈರಾಸಿನೊಳಗೆ ಕೈಗಳು ಇನ್ನಷ್ಟು ಆಳಕ್ಕೆ ಹೋದವು.

ತ್ಯಾಂಪಣ್ಣ ಈ ಸಂಭ್ರಮದಲ್ಲಿ ಒಂದು ವಿಷಯ ತಡವಾಗಿ ಗಮನಿಸಿದರು. ಚಿನ್ಮಯೀ ಕುಣಿಯಬೇಕಿತ್ತು. ಕುಣಿದಿರಲಿಲ್ಲ. ಮೂರನೆಯ ಬಸಿಯ ಮೇಲೆ ಬಗ್ಗಿದವಳು ಬಗ್ಗಿಯೇ ಇದ್ದಳು. ಶಾನವಾಝ್ ಅವಳನ್ನು ನೋಡುತ್ತಿದ್ದ, ಬಸಿಯನ್ನಲ್ಲ.

ಆಗ ಅವರೂ ಸರಿಯಾಗಿ ನೋಡಿದರು. ಮೊದಲ ಬಸಿಯ ಕ್ವಿನೈನು ನೀಲಿ. ಮೂರನೆಯದು ನೀಲಿ ಅಲ್ಲ. ಹಸಿರು. ಮಳೆಗಾಲದ ಗದ್ದೆಯ ಮೇಲೆ ಹಾರುವ ಮಿಣುಕುಹುಳದ ಹಸಿರು.

"ಇದು ಕ್ವಿನೈನಲ್ಲ," ಎಂದರು ತ್ಯಾಂಪಣ್ಣ ಮೆಲ್ಲಗೆ.

"ಅಲ್ಲ."

"ಮತ್ತೆಂತದು ಮಗಾ?"

ಚಿನ್ಮಯೀ ಬಸಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡಳು. ಅವರು ಶಾನವಾಝ್ ಕಡೆ ತಿರುಗಿದರು. ಸಂಶೋಧನಾ ಲೇಖನದಲ್ಲಿ ಯಾರ ಹೆಸರು ಮೊದಲು ಎಂದು ಈ ಹುಡುಗನಿಗೂ ಚಿನ್ಮಯೀಗೂ ತಿಂಗಳಿನಿಂದ ಮಾತಿಲ್ಲ ಎನ್ನುವುದು ಅವರಿಗೆ ಗೊತ್ತಿತ್ತು. ಹಳೆಯ ಪೊಲೀಸ್ ಧ್ವನಿ ತಾನಾಗಿ ಬಂತು. "ನೀನು ಹೇಳು. ನಿನಗೆ ಗೊತ್ತುಂಟು. ಮುಖದಲ್ಲೇ ಕಾಣ್ತದೆ."

"ನನಗೇನೂ ಗೊತ್ತಿಲ್ಲ."

"ಬೆಳಿಗ್ಗೆ ನೀನಲ್ಲಿದ್ದೆ. ನಿನ್ನ ಕಷಾಯ ಕಿಟಕಿಯಿಂದ ಹೊರಗೆ. ಪ್ರಯೋಗಶಾಲೆಯ ಬೀಗದಕೈ ನಿನ್ನ ಹತ್ರ ಉಂಟು."

"ಉಂಟು. ಆದ್ರೆ..."

"ಆದ್ರೆ ಎಂತದು?"

"ರೈಗಳೇ, ಹಸಿರು ಹೊಳೆಯುವ ವಸ್ತು ಪ್ರಪಂಚದಲ್ಲಿ ಸಾವಿರ ಉಂಟು!" ಶಾನವಾಝ್ ಜೋರಾಗಿಯೇ ಹೇಳಿದ. ಸುಳ್ಳು ಹೇಳಿ ರೂಢಿಯಿಲ್ಲದವನ ಜೋರು. "ಬಣ್ಣ ನೋಡಿ ಹೀಗೆ ಅಂತ ಹೇಳ್ಲಿಕ್ಕಾಗುದಿಲ್ಲ. ಲ್ಯಾಬಿಗೆ ಕಳಿಸ್ಬೇಕು. ವಾರ ಬೇಕು."

"ಸಾಕು ಶಾನು," ಎಂದಳು ಚಿನ್ಮಯೀ. ತಿಂಗಳ ಮೇಲೆ ಅವಳು ಅವನ ಹೆಸರು ಹಿಡಿದು ಮಾತಾಡಿದ್ದು ಅದೇ ಮೊದಲು. "ಸರ್‌ಗೆ ವಾರ ಇಲ್ಲ."

ಅವಳು ನೇರ ನಿಂತಳು.

"ಇದು ನನ್ನದು ಮಾಮ. ಹದಿನೇಳು. ರೋಗಾಣುವಿನ ಒಳಗೆ ಎಲ್ಲಿಗೆ ಹೋಗ್ತದೆ ಅಂತ ನೋಡ್ಲಿಕ್ಕೆ ನಾನೇ ಅದರ ಬಾಲವನ್ನು ಹೊಳೆಯುವ ಹಾಗೆ ಕಟ್ಟಿದ್ದು. ಈ ಹಸಿರನ್ನು ಎರಡು ವರ್ಷ ದಿನಾ ನೋಡಿದ್ದೇನೆ. ನಿದ್ದೆಯಲ್ಲಿ ತೋರಿಸಿದ್ರೂ ಹೇಳಿಯೇನು."

ಹೇಳಿದವಳೇ ಸುಳ್ಯದ ಆಸ್ಪತ್ರೆಗೆ ಫೋನ್ ಹಚ್ಚಿದಳು. ಶಾನವಾಝ್ ತಡೆಯಲು ಕೈ ಚಾಚಿದ. ಅವಳು ಬೆನ್ನು ತಿರುಗಿಸಿದಳು.

"ಡಾಕ್ಟರ್ ಪ್ರೀತಿಕಾ? ನಾನು ಚಿನ್ಮಯೀ, ಪರಮೇಶ್ವರ ಸರ್‌ನ ವಿದ್ಯಾರ್ಥಿ... ಕಾಸರಕ ಅಲ್ಲ ಡಾಕ್ಟ್ರೇ. ಕ್ವಿನೋಲಿನ್ ಜಾತಿಯ ಮದ್ದು, ಕ್ವಿನೈನಿನ ಸಂಬಂಧಿ. ಹೃದಯದ ಬಡಿತ ನೋಡ್ತಾ ಇರಿ, ಇಸಿಜಿ ತೆಗೀತಾ ಇರಿ. ರಕ್ತದಲ್ಲಿ ಸಕ್ಕರೆ ಇಳೀಬಹುದು... ಹೌದು, ಖಂಡಿತ. ಯಾಕಂದ್ರೆ ಅದನ್ನು ಮಾಡಿದ್ದು ನಾನು."

ಆ ಕಡೆಯ ಮಾತು ಕೇಳಿಸಲಿಲ್ಲ. ಚಿನ್ಮಯೀ ಸ್ವಲ್ಪ ಹೊತ್ತು ಕಿವಿಗೊಟ್ಟು ನಿಂತಳು.

"ನನ್ನ ಹೆಸರು ಬರ್ಕೊಳ್ಳಿ. ಪರ್ವಾಗಿಲ್ಲ," ಎಂದು ಫೋನ್ ಇಟ್ಟಳು.

ಸೀತು ಹೋಗಿ ಅವಳ ಹೆಗಲು ಹಿಡಿದಳು. ತ್ಯಾಂಪಣ್ಣ ಕೈಯಲ್ಲಿದ್ದ ದೀಪ ನೋಡಿದರು. ಅಜ್ಜನ ಕೊರಳಿನ ಹಗ್ಗ ಬಿಚ್ಚಲು ತಾನು ತೆಗೆದ ದೀಪ ಅದನ್ನೇ ಮೊಮ್ಮಗಳ ಕೊರಳಿಗೆ ಹಾಕಿತ್ತು.

"ಪುತ್ತೂರಿನ ಕಪಾಟಿನಲ್ಲಿ ಬೀಗ ಹಾಕಿಡುವ ಪುಡಿ ಅಜ್ಜಾವರಕ್ಕೆ ಹೇಗೆ ಬಂತು ಮಗಾ?"

"ನಾನೇ ತಂದದ್ದು." ಅವಳು ಚೀಲದಿಂದ ಬೆರಳುದ್ದದ ಸೀಸೆ ತೆಗೆದು ಗಲ್ಲಾದ ಮೇಲಿಟ್ಟಳು. "ಸರ್‌ಗೂ ಗೊತ್ತಿಲ್ಲ. ನಮ್ಮಲ್ಲಿ ಹೊಸ ಅಕ್ಕಿ ಆದ್ರೆ ಮೊದಲು ಗುರುಕಾರ್ನೋರ ಎದುರು ಇಡುದು. ಹೊಸ ಬಾಳೆಗೊನೆ ಆದ್ರೂ ಇಡುದು. ನನ್ನ ಹದಿನೇಳು ನಾಡಿದ್ದು ಬೆಂಗಳೂರಿಗೆ ಹೋಗ್ಲಿಕ್ಕುಂಟು, ದೊಡ್ಡ ಪರೀಕ್ಷೆಗೆ. ನನಗೆ ಅದೂ ಒಂದು ಬೆಳೆಯೇ ಅಲ್ವಾ ಮಾಮ? ಒಂದು ರಾತ್ರಿ ಹಿರಿಯರ ಎದುರು ಇಟ್ಟು ಬೆಳಿಗ್ಗೆ ತೆಗೆಯುವಾ ಅಂತ ಆಸೆ ಆಯ್ತು."

ಸಂಶೋಧಕರ ಯಾವ ನಿಯಮದಲ್ಲೂ ಕ್ಷಮೆಯಿಲ್ಲದ ತಪ್ಪು ಅದು. ಆದರೆ ಅಂಗಡಿಯಲ್ಲಿದ್ದ ಯಾರಿಗೂ ಅದನ್ನು ಬಾಯಿ ಬಿಟ್ಟು ಹೇಳುವ ಮನಸ್ಸಾಗಲಿಲ್ಲ.

ತ್ಯಾಂಪಣ್ಣ ಸೀಸೆಯನ್ನು ಬೆಳಕಿನ ಪಟ್ಟಿಗೆ ಹಿಡಿದರು. "ಎಷ್ಟು ಇತ್ತು?"

"ಕುತ್ತಿಗೆಯವರೆಗೆ."

ಈಗ ಇದ್ದದ್ದು ಅರ್ಧ.

"ಬೆಳಿಗ್ಗೆ ಗಡಿಬಿಡಿಯಲ್ಲಿ ನೋಡದೆ ಚೀಲಕ್ಕೆ ಹಾಕಿದೆ," ಎಂದಳು ಚಿನ್ಮಯೀ.

"ಆ ಕೋಣೆಗೆ ಮೀಯದವರು ಹೋಗುದಿಲ್ಲ ಅಲ್ವಾ? ಶಾನವಾಝ್, ಪ್ರೊಫೆಸರ್, ಇಬ್ಬರೂ ಚಾವಡಿ ದಾಟಿಲ್ಲ. ನಿಮ್ಮಜ್ಜಿ ಒಲೆ ಬಿಟ್ಟು ಎದ್ದಿಲ್ಲ. ಇವತ್ತು ಬೆಳಿಗ್ಗೆ ಆ ಕೋಣೆಯ ಹೊಸ್ತಿಲು ದಾಟಿದ್ದು ಯಾರು?"

"ನಾನು," ಎಂದಳು ಚಿನ್ಮಯೀ. ಕೂಡಲೇ ಸೇರಿಸಿದಳು, "ನಾನೊಬ್ಬಳೇ."

ಅದು ಸುಳ್ಳು. ತೊಗಟೆಯನ್ನು ಹಿರಿಯರ ಎದುರು ಇಟ್ಟು ಕೈ ಮುಗಿದೆ ಎಂದು ಚನಿಯಪ್ಪ ಗೌಡರೇ ಈಗಷ್ಟೇ ಹೇಳಿದ್ದರು. ಅದು ಅವಳಿಗೂ ಕೇಳಿಸಿತ್ತು. ಅವಳು ಅಜ್ಜನ ಕಡೆ ನೋಡದಿರಲು ಎಷ್ಟು ಕಷ್ಟಪಡುತ್ತಿದ್ದಾಳೆ ಎನ್ನುವುದು ಅವಳ ಕುತ್ತಿಗೆಯ ನರದಲ್ಲೇ ಕಾಣುತ್ತಿತ್ತು.

ದೂರದಲ್ಲಿ ಜೀಪೊಂದು ಗೇರ್ ಬದಲಿಸಿದ ಸದ್ದು. ಈ ಪೇಟೆಯಲ್ಲಿ ಹಾಗೆ ನರಳುವ ಜೀಪು ಒಂದೇ.

"ಬಂದ್ರು," ಎಂದ ಶಾನವಾಝ್.

ಆಗ ಚನಿಯಪ್ಪ ಗೌಡರು ಎದ್ದರು.

"ರೈಗಳೇ, ಆ ಬಸಿ ಚೆಲ್ಲಿ."

"ಎಂತ?"

"ಚೆಲ್ಲಿ. ತಪ್ಪು ತೊಗಟೆ ತಂದದ್ದು ನಾನು. ಕಾಸರಕದ್ದೇ. ಕಣ್ಣು ಮಂಜು, ಕತ್ತಲೆ ಬೇರೆ. ಇನ್ಸ್‌ಪೆಕ್ಟರು ಕೇಳಿದ್ರೆ ನಾನು ಹಾಗೇ ಹೇಳುದು."

"ಅಜ್ಜ!"

"ನೀನು ಸುಮ್ಮನಿರು ಮಗಾ. ನಾಡಿದ್ದು ನಿಂಗೆ ಬೆಂಗಳೂರಿಗೆ ಹೋಗ್ಲಿಕ್ಕುಂಟು."

"ಗೌಡ್ರೇ, ಈಗಷ್ಟೇ ನಿಮ್ಮ ತೊಗಟೆ ಶುದ್ಧ ಅಂತ ತೋರಿಸಿದೆನಲ್ಲ ಮಾರಾಯ್ರೆ! ಇನ್ನು ಮುಂದೆ ಊರಲ್ಲಿ ಒಂದು ಮನೆಯವರು ನಿಮ್ಮ ಕೈಯಿಂದ..."

"ತಗೊಳ್ಳುದು ಬೇಡ. ನಂಗೆ ಇನ್ನು ಎಷ್ಟು ಆಟಿ ಉಂಟು? ಅವಳಿಗೆ ತುಂಬ ಉಂಟು." ಮುದುಕರು ಒಂದು ಹೆಜ್ಜೆ ಮುಂದೆ ಬಂದರು. "ಕೋಳ ಹಾಕುದಾದ್ರೆ ಇದಕ್ಕೆ ಹಾಕ್ಲಿ."

ಬೈರಾಸು ಜಾರಿ ನೆಲಕ್ಕೆ ಬಿತ್ತು. ಬೆಳಿಗ್ಗೆಯಿಂದ ಯಾರಿಗೂ ತೋರಿಸದ ಎರಡೂ ಕೈಗಳನ್ನು ಅವರು ಜೋಡಿಸಿ ಮುಂದೆ ಚಾಚಿದರು.

ನೇರಳೆ ದೀಪ ಇನ್ನೂ ಉರಿಯುತ್ತಿತ್ತು. ಅದನ್ನು ಹಿಡಿದಿದ್ದೇನೆ ಎನ್ನುವುದೇ ತ್ಯಾಂಪಣ್ಣನಿಗೆ ಮರೆತುಹೋಗಿತ್ತು.

ಮಣ್ಣು, ಕಲ್ಲು, ತೊಗಟೆ ಜಜ್ಜಿ ಒರಟಾದ ಎಡಗೈ ಕತ್ತಲೆಯಲ್ಲಿ ಕಪ್ಪಾಗಿಯೇ ಇತ್ತು. ಬಲಗೈ ಹಾಗಿರಲಿಲ್ಲ. ಹೆಬ್ಬೆರಳು, ತೋರುಬೆರಳು, ನಡುಬೆರಳು. ಉಪ್ಪನ್ನೋ ಭಸ್ಮವನ್ನೋ ಚಿಟಿಕೆ ಹಿಡಿಯುವ ಆ ಮೂರು ಬೆರಳುಗಳ ತುದಿಯಲ್ಲಿ, ಉಗುರಿನ ಸಂದುಗಳಲ್ಲಿ, ಚರ್ಮದ ಬಿರುಕು ಬಿರುಕುಗಳಲ್ಲಿ ಮಿಣುಕುಹುಳದ ಹಸಿರು ಹೊಳೆಯುತ್ತಿತ್ತು.

ಚಿನ್ಮಯೀ ಬಾಯಿಗೆ ಕೈ ಇಟ್ಟುಕೊಂಡಳು. ಗೌಡರು ತಮ್ಮ ಬೆರಳುಗಳನ್ನು ತಾವೇ ಮೊದಲ ಸಲ ನೋಡುವವರಂತೆ ನೋಡಿದರು. "ಹಿರಿಯರ ಎದುರಿನ ಭಸ್ಮ ಅಂತ ನಿನ್ನ ಗುರುಗಳ ಲೋಟಕ್ಕೆ ಹಾಕಿದೆ ಮಗಾ," ಎಂದರು.

ಜೀಪು ಅಂಗಡಿಯ ಎದುರು ನಿಂತಿತು. ಬೆಳಕಿನ ಪಟ್ಟಿಯಲ್ಲಿ ಎರಡು ಬೂಟುಗಳು ಬಂದು ನಿಂತವು. ಶಟರಿನ ಅಡಿಗೆ ಕೈಯೊಂದು ತೂರಿತು. "ರೈಗಳೇ, ಒಳಗೆ ಉಂಟಾ?"

ತ್ಯಾಂಪಣ್ಣನ ಹೆಬ್ಬೆರಳು ದೀಪದ ಗುಂಡಿಯ ಮೇಲೆಯೇ ಇತ್ತು. ಪೊಲೀಸಿನಲ್ಲಿ ಇದ್ದಷ್ಟು ವರ್ಷವೂ ಅವರು ಒಂದು ಸಾಕ್ಷ್ಯವನ್ನೂ ಕತ್ತಲೆಗೆ ತಳ್ಳಿದವರಲ್ಲ.

ಶಟರ್ ಮೇಲೇರತೊಡಗಿತು.